ಜೀನಿನ ಅಡಿಯ ರೆಕ್ಕೆ

ಮಕ್ಕಳೇ, ನಿಮ್ಮಪ್ಪಂದಿರು ಹುಟ್ಟುವ ಮೊದಲೇ ನಾನು ಚೀನಾ ದೇಶಕ್ಕೆ ನಡೆದು ಹೋಗಿ ಬಂದವನು. ಜೊತೆಗಿದ್ದ ಕಂಬಳಿ ಮಾರುವ ಚಿಕ್ಕೀರಪ್ಪ ಬದುಕಿದ್ದರೆ ಸಾಕ್ಷಿ ಹೇಳುತ್ತಿದ್ದ. ಪಾಪ, ತೀರಿಕೊಂಡ. ರೆಕ್ಕೆ ಕುದುರೆಯನ್ನು ಈ ಎರಡು ಕಣ್ಣಿಂದ ನೋಡಿದ್ದೇನೆ.

ಅಲ್ಲೊಂದು ಬೆಟ್ಟ. ಅದರ ತುದಿಯಲ್ಲಿ ದೇವಲೋಕದ ಕುದುರೆಗಳು. ಯಾರ ಕೈಗೂ ಸಿಗುವುದಿಲ್ಲ. ಅದಕ್ಕೇ ಆ ಜನ ಬಣ್ಣಬಣ್ಣದ ಹೆಣ್ಣು ಕುದುರೆಗಳನ್ನು ಬೆಟ್ಟದ ಬುಡದಲ್ಲಿ ಬಿಟ್ಟು ಬರುತ್ತಾರೆ. ಮೇಲಿನ ಕುದುರೆಗಳು ಇಳಿದು ಬಂದು ಅವನ್ನು ಕೂಡುತ್ತವೆ. ಅವಕ್ಕೆ ಹುಟ್ಟಿದ ಮರಿ ಬೆವರಿದರೆ ಬೆವರೂ ಕೆಂಪು, ರಕ್ತದ ಹಾಗೆ! ಅಂಥದೊಂದು ಮರಿ ರಾಜನ ಲಾಯದಲ್ಲಿ ಬೆಳೆಯಿತು. ಅದರ ಮೇಲೆ ಕೂತು ದೂರದಲ್ಲಿ ಸಾವಿಲ್ಲದವರು ಇರುವ ಬೆಟ್ಟಕ್ಕೆ ಹೋಗಬೇಕೆಂದು ರಾಜನ ಆಸೆ.

ಆದರೆ ಕುದುರೆ ಬೆನ್ನು ಮುಟ್ಟಲು ಬಿಡದು. ಹಾಕಿದ ಜೀನನ್ನೆಲ್ಲ ಕೊಡವಿ ಎಸೆಯಿತು. ರಾಜ ಜೀನು ಹೊಲಿಯುವ ಪಿಂಗ್‌ನನ್ನು ಕರೆಸಿದ.

"ಸಂಜೆಯೊಳಗೆ ಇದರ ಬೆನ್ನ ಮೇಲೆ ಜೀನು ಇರಬೇಕು. ಇಲ್ಲದಿದ್ದರೆ ನಿನ್ನ ಕತ್ತಿನ ಮೇಲೆ ತಲೆ ಇರುವುದಿಲ್ಲ."

ಪಿಂಗ್ ಲಾಯದ ಬಾಗಿಲು ಮುಚ್ಚಿದ. ಒಳಗೆ ಅವನು, ಕುದುರೆ, ಇಬ್ಬರೇ. ಕುದುರೆಯ ಹೆಗಲ ಹಿಂದೆ ಎರಡು ಬಾವು. ಲಾಯದವರು ಹುಣ್ಣು ಎಂದುಕೊಂಡು ಮುಲಾಮು ಮೆತ್ತಿದ್ದರು. ಪಿಂಗ್ ಮೆಲ್ಲಗೆ ಕೈಯಿಟ್ಟ. ಚರ್ಮದಡಿ ಏನೋ ಮಿಸುಕಿತು. ತುದಿಯಲ್ಲಿ ಒದ್ದೆ ಪುಕ್ಕ!

"ಅಯ್ಯೋ ನನ್ನಪ್ಪಾ, ಇಲ್ಲಿಗಾ ನಾವು ಜೀನಿನ ಪಟ್ಟಿ ಬಿಗಿದದ್ದು?" ಎಂದವನೇ ಜೀನನ್ನು ಕೆಳಗಿಟ್ಟ. ತಲೆ ಹೋದರೆ ಹೋಗಲಿ ಎಂದು ಕುದುರೆಯ ಪಕ್ಕದಲ್ಲೇ ಕೂತ.

ಸಂಜೆ ರಾಜ ಬಂದ. ಬರಿ ಬೆನ್ನು ಕಂಡು ಕತ್ತಿ ಹಿರಿದ. ಆಗ ಕುದುರೆ ಮೈ ಕೊಡವಿತು ನೋಡಿ! ಒಂದು ರೆಕ್ಕೆ ಈ ಗೋಡೆ ಮುಟ್ಟಿತು, ಇನ್ನೊಂದು ಆ ಗೋಡೆ. ಲಾಯದ ಹುಲ್ಲೆಲ್ಲ ಎದ್ದು ಸುತ್ತಿತು. ಹೊರಗೆ ನೆಗೆದು, ಗಾಳಿಯಲ್ಲಿ ಹೋಗುತ್ತಿದ್ದ ಅಂಬರಗುಬ್ಬಿಯ ಬೆನ್ನ ಮೇಲೆ ಒಂದು ಗೊರಸು ಊರಿ ಮೇಲೇರಿತು. ಗುಬ್ಬಿಗೆ ಗೊತ್ತೇ ಆಗಲಿಲ್ಲ, ಅಷ್ಟು ಹಗುರ!

ರಾಜನ ಕೈಯಿಂದ ಕತ್ತಿ ಜಾರಿತು.

"ಪಿಂಗ್, ನೀನು ನನ್ನ ಮಾತು ಕೇಳಿದ್ದರೆ ನಾನು ಇದನ್ನು ನೋಡುತ್ತಲೇ ಇರಲಿಲ್ಲವಲ್ಲೋ" ಎಂದ.

ಅಷ್ಟರಲ್ಲಿ ಮಕ್ಕಳ ಜೊತೆ ಕಥೆ ಕೇಳುತ್ತ ಕೂತಿದ್ದ ಪಕ್ಕದ ಮನೆಯ ತಿಪ್ಪಮ್ಮ ಬಾಯಿ ಹಾಕಿದಳು. "ಅಲ್ಲ ಮಾವ, ಬಾಗಿಲು ಮುಚ್ಚಿತ್ತು, ಒಳಗೆ ಇಬ್ಬರೇ ಅಂದ್ರಿ. ಆ ಒದ್ದೆ ಪುಕ್ಕ ನಿಮಗೆ ಹೆಂಗೆ ಕಾಣ್ತು?"

ನಾನು ಹೆಗಲು ಹಾರಿಸಿದೆ. "ಗೋಡೇಲಿ ಕಿಂಡಿ ಇತ್ತು ಅಂತ ಇಟ್ಕೊಳ್ಳವ್ವ."

ನೀತಿ: ಒದೆಯುತ್ತದೆ ಎಂದು ಪಟ್ಟಿ ಬಿಗಿಯುವ ಮೊದಲು, ನೋಯುತ್ತಿರುವುದು ಎಲ್ಲಿ ಎಂದು ಕೈಯಿಟ್ಟು ನೋಡಬೇಕು. ನಾವು ಹುಣ್ಣು ಎಂದುಕೊಂಡದ್ದು ರೆಕ್ಕೆಯೂ ಆಗಿರಬಹುದು.