ದಾರ ಕಟ್ಟದ ಫೈಲು

ನದಿ ದಂಡೆಯ ಆ ಧರ್ಮಾಸ್ಪತ್ರೆಯಲ್ಲಿ ಸತ್ತವರ ಫೈಲಿಗೆ ಬಿಳಿ ದಾರ ಕಟ್ಟಿ ಅಟ್ಟಕ್ಕೆ ಏರಿಸುವ ಪದ್ಧತಿ ಇತ್ತು. ದುರುಗವ್ವ 'ಕಟ್ಟು' ಅನ್ನುವ ತನಕ ಯಾರೂ ದಾರ ಮುಟ್ಟುವಂತಿರಲಿಲ್ಲ.

ದುರುಗವ್ವ ಅಲ್ಲಿಗೆ ಕಸ ಹೊಡೆಯಲು ಬಂದವರು. ಏಳನೆಯ ಇಯತ್ತೆಗೇ ಶಾಲೆ ಬಿಡಿಸಿದ್ದರು. ರೋಗಗಳಿಗೆಲ್ಲ ಒಂದೊಂದು ಸಂಖ್ಯೆ ಕೊಟ್ಟಿರುವ ದಪ್ಪ ಪುಸ್ತಕವೊಂದು ರದ್ದಿಯಲ್ಲಿ ಸಿಕ್ಕಿತು. ಮಗ್ಗುಲಲ್ಲಿ ನಿಘಂಟು ಇಟ್ಟುಕೊಂಡು ಆರು ವರ್ಷ ಅದನ್ನು ಓದಿದರು. ಈಗ ದಾಖಲೆ ಕೋಣೆ ಅವರದು. ಅವರು ಹಿಂದಕ್ಕೆ ಕಳಿಸಿದ ಕಾಗದ ಕಂಡರೆ ದೊಡ್ಡ ಡಾಕ್ಟರೂ ಕನ್ನಡಕ ಹುಡುಕುತ್ತಿದ್ದರು. ಎಲ್ಲರ ಬಾಯಲ್ಲೂ ಅವರು ಅಕ್ಕೋರು.

ದಸ್ತಗೀರ ಅವರ ಶಿಷ್ಯ. ಫೈಲು ಓದಿ, ರೋಗಕ್ಕೆ ತಕ್ಕ ಸಂಖ್ಯೆ ಬರೆದು, ಜಿಲ್ಲಾ ಆರೋಗ್ಯ ಕಚೇರಿಗೆ ಕಳಿಸುವುದು ಅವನ ಕೆಲಸ. ಕೈ ಚುರುಕು. ದಿನಕ್ಕೆ ನಲವತ್ತು ಫೈಲು ಮುಗಿಸುತ್ತೇನೆಂಬ ಹೆಮ್ಮೆ ಬೇರೆ.

ಒಂದು ಬೆಳಿಗ್ಗೆ ಬೀಡಿ ಓಣಿಯ ರೇಣವ್ವನ ಫೈಲು ಬಂತು. ವಯಸ್ಸು ಇಪ್ಪತ್ತಾರು. ಸಾವಿನ ಕಾರಣ: ಹೃದಯ ಸ್ತಂಭನ. ಅಷ್ಟೇ.

'ಹೃದಯ ನಿಂತಿತು, ಕಾರಣ ಹೇಳಿಲ್ಲ' ಎಂಬುದಕ್ಕೂ ಪುಸ್ತಕದಲ್ಲಿ ಒಂದು ಸಂಖ್ಯೆ ಇದೆ. ದಸ್ತಗೀರ ಅದನ್ನೇ ಬರೆದ.

"ಕಟ್ಟಲೇನ್ರೀ, ಅಕ್ಕೋರೆ?"

"ಯಾತಕ್ಕ ಸತ್ತಳು?"

"ಹೃದಯ ನಿಂತು ಸತ್ತಳ್ರೀ."

"ಸುಡುಗಾಡಿಗೆ ಹೋಗು. ಹೃದಯ ನಿಲ್ಲದ ಸತ್ತವರು ಎಷ್ಟು ಮಂದಿ ಅದಾರ, ಕೇಳ್ಕೊಂಡು ಬಾ."

ಸುಡುಗಾಡು ನದಿಯ ತಿರುವಿನಲ್ಲಿತ್ತು. ಕುಣಿ ತೋಡುವ ಯಮನೂರಪ್ಪ ಪ್ರಶ್ನೆ ಕೇಳಿ, ಸಲಿಕೆ ಊರಿ ನಿಂತು ನಕ್ಕ.

"ಹೃದಯ ನಿಲ್ಲದವರನ್ನ ಹೂಳಿದ್ರ ನನ್ನ ಜೇಲಿಗೆ ಒಯ್ತಾರಲೇ! ನಿಮ್ಮ ಅಕ್ಕೋರು ಇವತ್ತ ನಿನ್ನ ಸರಿಯಾಗಿ ಹಿಡದಾರ ಬಿಡು."

ದಸ್ತಗೀರ ಮುಖ ಕೆಂಪಗೆ ಮಾಡಿಕೊಂಡು ಬಂದ. "ಒಬ್ಬರೂ ಇಲ್ರೀ."

"ಹಂಗಾದ್ರ ನೀ ಬರದದ್ದು ಏನು? ಸತ್ತಳು ಅಂತ ಬರದಿ. ಯಾಕ ಸತ್ತಳು ಅಂತ ಬರೀಲಿಲ್ಲ."

"ಸತ್ತಾಕಿ ಇದನ್ನ ಓದ್ತಾಳೇನ್ರೀ?"

ಅಕ್ಕೋರು ಕಿಟಕಿಯ ಕಡೆ ಬೆರಳು ತೋರಿಸಿದರು.

ಹೊರಗೆ ರೇಣವ್ವನ ತಂಗಿ ಹುಲಿಗೆವ್ವ ಇದ್ದಳು. ಹದಿನೇಳು ವರ್ಷ. ಅಕ್ಕನ ಸಾವಿನ ಕಾಗದ ಒಯ್ಯಲು ಬಂದಿದ್ದಳು. ಹತ್ತಬೇಕಾದದ್ದು ಆರೇ ಮೆಟ್ಟಿಲು. ನಾಲ್ಕನೆಯದರಲ್ಲೇ ಕುಸಿದು ಕೂತು, ಎದೆಯ ಮೇಲೆ ಕೈಯಿಟ್ಟು ಉಸಿರು ಎಳೆಯುತ್ತಿದ್ದಳು.

ದಸ್ತಗೀರ ಫೈಲನ್ನು ಮೊದಲ ಹಾಳೆಯಿಂದ ಓದತೊಡಗಿದ.

ಮೂರು ವರ್ಷದ ಹಿಂದಿನ ಎಕೋ ವರದಿ ಇತ್ತು: ಹೃದಯದ ಕವಾಟ ಕಿರಿದಾಗಿದೆ. ಅದರ ಹಿಂದೆ ಯಾವಳೋ ನರ್ಸು ಪೆನ್ಸಿಲಿನಲ್ಲಿ ಬರೆದದ್ದು: ಚಿಕ್ಕವಳಿದ್ದಾಗ ಗಂಟಲು ನೋವು, ಜ್ವರ, ಮೊಣಕಾಲು ಬಾವು. ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ಕೊಡಬೇಕು. ಅದರ ಕೆಳಗೆ ಐದು ಸಲ ಒಂದೇ ಮಾತು: ಸ್ಟಾಕ್ ಇಲ್ಲ.

ಗಂಟಲು ನೋವು! ಒಂದೇ ಕೋಣೆಯಲ್ಲಿ ಎಂಟು ಮಂದಿ ಮಲಗುವ ಓಣಿಯಲ್ಲಿ ಅದು ರುಮ್ಯಾಟಿಕ್ ಜ್ವರವಾಗಿ ಹೃದಯಕ್ಕೆ ಇಳಿಯುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಕೋಣೆ ಇರುವ ಮನೆಗಳಲ್ಲಿ ಮಾತ್ರೆಗೇ ವಾಸಿಯಾಗುತ್ತದೆ.

ದಸ್ತಗೀರನಿಗೆ ಸಿಟ್ಟು ಉಕ್ಕಿತು. ಸಾವಿನ ಕಾಗದದಲ್ಲಿ ಡಾಕ್ಟರು ಖಾಲಿ ಬಿಟ್ಟ ಸಾಲಿನಲ್ಲಿ ತಾನೇ ಬರೆದ: ರುಮ್ಯಾಟಿಕ್ ಜ್ವರದಿಂದ ಕೆಟ್ಟ ಕವಾಟ.

ಅಕ್ಕೋರು ಓದಿದರು.

"ಇದರ ಮ್ಯಾಲ ಗೆರಿ ಹೊಡಿ. ಒಂದೇ ಗೆರಿ. ತಪ್ಪು ಕಾಣಂಗ ಇರಲಿ. ಬಾಜೂಕ ನಿನ್ನ ಸಹಿ, ತಾರೀಖು."

"ಖರೇನ ಬರದೀನಲ್ರೀ!"

"ಖರೇನ ಐತಿ. ಆದ್ರ ಅದನ್ನ ಹೇಳಾಂವ ನೀ ಅಲ್ಲ. ಆಕಿ ಎದಿ ಪರೀಕ್ಷೆ ಮಾಡಿದ್ದಿ ಏನು? ಇವತ್ತ ನೀ ಈ ಸಾಲಿನ್ಯಾಗ ಖರೆ ತುಂಬಿದಿ. ನಾಳೆ ಮತ್ತೊಬ್ಬಾಂವ ಇದ ಸಾಲಿನ್ಯಾಗ ಸುಳ್ಳು ತುಂಬತಾನ. ಆಗ ಯಾವ ಬಾಯಿಲೆ ಬೈತಿ?"

ದಸ್ತಗೀರ ಗೆರೆ ಹೊಡೆದು ಸಹಿ ಮಾಡಿದ.

"ಹಂಗಾದ್ರ ಏನ್ ಮಾಡ್ಲಿ?"

"ಡಾಕ್ಟರನ್ನ ಕೇಳು. ಉತ್ತರ ಅವರ ಬಾಯಾಗ ತುರುಕಬ್ಯಾಡ. ವರದಿ ಮುಂದ ಇಡು. ಪ್ರಶ್ನೆ ಕೇಳು. ನಿಲ್ಲು."

ವಾರ್ಡಿನಲ್ಲಿ ಅರವತ್ತು ರೋಗಿಗಳು, ಒಬ್ಬರೇ ಡಾಕ್ಟರು. ಪಾರ್ಶ್ವನಾಥ ಅಂತ ಹೆಸರು. ಕಾಗದ ಕಂಡದ್ದೇ ಸಿಡುಕಿದರು.

"ಸತ್ತವರ ಕಾಗದ ಹಿಡ್ಕೊಂಡು ಬರ್ತೀಯಲ್ಲೋ, ಬದುಕಿರೋರು ಕಣ್ಣಿಗೆ ಕಾಣಲ್ವಾ?"

ದಸ್ತಗೀರ ಎಕೋ ವರದಿ ಬಿಚ್ಚಿ ಮೇಜಿನ ಮೇಲಿಟ್ಟ. "ಹೃದಯ ಯಾಕ ನಿಂತತ್ರೀ, ಸರ್?"

ಆಮೇಲೆ ಬಾಯಿ ಮುಚ್ಚಿ ನಿಂತ.

ಒಂದು ತಾಸಾಯಿತು. ಡಾಕ್ಟರು ಒಂದು ಸುತ್ತು ಮುಗಿಸಿ ಬಂದರು.

"ಇನ್ನೂ ಇದ್ದೀಯಾ? ಅಕ್ಕೋರು ಕಳಿಸಿದ್ರಾ?"

"ಹೌದ್ರೀ."

"ಹಾಗಿದ್ರೆ ನೀನು ಹೋಗೋನಲ್ಲ." ಕುರ್ಚಿ ಎಳೆದುಕೊಂಡು ಓದಿದರು. 'ಸ್ಟಾಕ್ ಇಲ್ಲ' ಎಂಬ ಸಾಲುಗಳ ಮೇಲೆ ಅವರ ಬೆರಳು ಬಹಳ ಹೊತ್ತು ನಿಂತಿತು. ಆಮೇಲೆ ಬರೆದರು: ಹೃದಯ ಸ್ತಂಭನ. ಅದಕ್ಕೆ ಕಾರಣ, ಕಿರಿದಾದ ಕವಾಟ. ಅದಕ್ಕೆ ಕಾರಣ, ರುಮ್ಯಾಟಿಕ್ ಹೃದಯರೋಗ.

ಸಹಿ ಮಾಡುತ್ತಾ ತಲೆ ಎತ್ತಿದರು. "ಇವರ ಮನೇಲಿ ಮತ್ಯಾರಿದ್ದಾರೆ?"

"ತಂಗಿ ಅದಾಳ್ರೀ. ಹೊರಗ ಮೆಟ್ಟಿಲ ಮ್ಯಾಲ ಕುಂತಾಳ. ಮ್ಯಾಲ ಹತ್ತಾಕ ಆಗವಲ್ತು."

ಡಾಕ್ಟರು ಸ್ಟೆತಸ್ಕೋಪು ಕೊರಳಿಗೆ ಹಾಕಿಕೊಂಡು ಹೊರಟೇಬಿಟ್ಟರು. ಮೇಜಿನ ಮೇಲೆ ಉಳಿದ ಕಾಗದವನ್ನು ದಸ್ತಗೀರ ಎತ್ತಿಕೊಂಡ.

ಅವನು ಕೋಣೆಗೆ ಬಂದು ಹಳೆಯ ಸಂಖ್ಯೆಗೂ ಒಂದೇ ಗೆರೆ ಹೊಡೆದ. ಹೊಸದಾಗಿ ಬರೆದ. ರೋಗದ ಸಂಖ್ಯೆ ಮೊದಲು, ಹೃದಯ ನಿಂತದ್ದರ ಸಂಖ್ಯೆ ಆಮೇಲೆ.

ಅಕ್ಕೋರು ಅಟ್ಟದಿಂದ ಒಂಬತ್ತು ಫೈಲು ಇಳಿಸಿ ಅವನ ಮುಂದಿಟ್ಟರು. ಎಲ್ಲಕ್ಕೂ ಬಿಳಿ ದಾರ. ಎಲ್ಲವೂ ಬೀಡಿ ಓಣಿಯವು.

"ನಾ ಕಸ ಹೊಡೀತಿದ್ದಾಗ ಕಟ್ಟಿದವು ಇವು. ಒಂಬತ್ತಕ್ಕೂ ಹೃದಯ ನಿಂತು ಸತ್ತರು ಅಂತ ಒಂದ ಮಾತು. ಆ ಓಣ್ಯಾಗ ಇಂಥಾ ರೋಗನ ಇಲ್ಲ ಅಂತ ಜಿಲ್ಲಾದವರು ತಿಳಕೊಂಡಾರ. ಇಲ್ಲದ ರೋಗಕ್ಕ ಇಂಜೆಕ್ಷನ್ ಯಾರು ಕಳಸ್ತಾರ? ಇವನ್ನ ಓದಬೇಕಂತನ ನಾ ಆ ಪುಸ್ತಕ ಕಲತೆ."

ದಸ್ತಗೀರ ಆ ಫೈಲುಗಳನ್ನು ನೋಡಿದ. ಕಸಬರಿಗೆ ಹಿಡಿದು ಗಂಟುಗಟ್ಟಿದ ಅಕ್ಕೋರ ಕೈಗಳನ್ನೂ ನೋಡಿದ. ದಿನಕ್ಕೆ ನಲವತ್ತು ಎಂಬ ಮಾತು ಅವನ ಬಾಯಿಂದ ಮತ್ತೆಂದೂ ಬರಲಿಲ್ಲ.

ಅಷ್ಟರಲ್ಲಿ ನರ್ಸು ಬಾಗಿಲಲ್ಲಿ ಇಣುಕಿದಳು. "ಅಕ್ಕೋರೆ, ಹುಲಿಗೆವ್ವನ್ನ ಒಳಗ ಮಲಗಿಸ್ಯಾರ್ರೀ. ಈಗ ಎಕೋ ಮಾಡ್ತಾರಂತ."

ದಸ್ತಗೀರ ರೇಣವ್ವನ ಫೈಲು ಮುಚ್ಚಿದ. ದಾರ ಕೈಗೆತ್ತಿಕೊಂಡ.

"ಈಗರೆ ಕಟ್ಟಲೇನ್ರೀ?"

ಅಕ್ಕೋರು ಅವನ ಕೈಯಿಂದ ದಾರ ತೆಗೆದುಕೊಂಡು ಡ್ರಾಯರಿನಲ್ಲಿ ಹಾಕಿದರು.

"ತಂಗಿ ಹಾಸಿಗಿ ಹತ್ರ ಒಯ್ದು ಇಡು. ರೇಣವ್ವನ ಕೆಲಸ ಇನ್ನ ಮುಗದಿಲ್ಲ."