ಒಲೆಯ ಮೇಲೆ ಉಳಿದ ಮಡಕೆ

"ಕೇಳ್ರಪ್ಪೋ ಕೇಳ್ರಿ! ಹೊಸ ಅರಮನೆಗೆ ಪಾಯ ತೋಡಿದಾಗ ಮೂರು ಒಗಟು ಎದ್ದಿವೆ. ಮಣ್ಣಿನಲ್ಲೇ ಸಾಕ್ಷಿ ತೋರಿಸಿ ಬಿಡಿಸಿದವರಿಗೆ ದೊರೆ ಮಲ್ಲರಸರು ಬೇಡಿದ್ದು ಕೊಡುತ್ತಾರೆ. ತಪ್ಪಿದವರ ತಲೆ ಹೋಗುತ್ತದೆ!" ಎಂದು ಪಟ್ಟಣದಲ್ಲೆಲ್ಲ ಡಂಗುರ ಸಾರಿದರು.

ಮಲ್ಲರಸನ ಮುತ್ತಜ್ಜ ಕಾಡು ಕಡಿದು ಈ ಪಟ್ಟಣ ಕಟ್ಟಿದನೆಂದು ಎಲ್ಲರೂ ನಂಬಿದ್ದರು. ಕುಂಬಾರರಂತೂ ಯುಗಾದಿಗೆ ಮೊದಲ ಮಡಕೆಯನ್ನು ಆ ಮುತ್ತಜ್ಜನ ಗದ್ದುಗೆಗೆ ಒಪ್ಪಿಸಿ ಅಡ್ಡ ಬೀಳುತ್ತಿದ್ದರು. ಪಾಯ ತೋಡುವವರೆಗೆ ಈ ನಂಬಿಕೆಗೇನೂ ತೊಂದರೆಯಿರಲಿಲ್ಲ.

ದೊರೆ ಗುಂಡಿಯ ಅಂಚಿನಲ್ಲೇ ಸಭೆ ಸೇರಿಸಿ ಕೇಳಿದ: "ಕೆಂಪು ಮಣ್ಣಿನ ನಡುವೆ ಗೇಣು ದಪ್ಪದ ಈ ಕಪ್ಪು ಪಟ್ಟಿ ಏನು?"

"ನಿಮ್ಮ ಮುತ್ತಜ್ಜನವರ ಯಜ್ಞದ ಬೂದಿ, ಪ್ರಭು," ಎಂದ ಆಸ್ಥಾನಪಂಡಿತ.

"ಹಾಗಾದರೆ ಅದರೊಳಗೆ ಬಾಗಿಲ ಚಿಲಕ ಯಾಕೆ ಸಿಕ್ಕಿತು?"

ಪಂಡಿತ ಸೆರೆಗೆ ಹೋದ. ದಂಡನಾಯಕ ಬಂದು ಕಾಳ್ಗಿಚ್ಚು ಎಂದ. ಕಾಡಿಗೆ ಚಿಲಕ ಹಾಕಿದವರಾರು? ಅವನೂ ಪಂಡಿತನ ಪಕ್ಕ ಕೂತ. ಇಬ್ಬರಿಗೂ ಮರುದಿನವೇ ಶಿಕ್ಷೆ.

ಮೂರನೆಯವನು ಕುಂಬಾರ ಮಾಚ. ಅರಮನೆಗೆ ಮಡಕೆ ಇಳಿಸಲು ಬಂದಿದ್ದವನು ಗುಂಡಿಯೊಳಗೆ ಇಣುಕಿದ್ದ. ಅಂದಿನಿಂದ ಅವನಿಗೆ ಅನ್ನ ಸೇರಿರಲಿಲ್ಲ.

"ಸುಟ್ಟ ಮನೆಗಳು, ಬುದ್ಧಿ. ಇಗೋ ಜಂತೆಯ ಇದ್ದಿಲು, ಇಗೋ ಬೆಂದ ಗೋಡೆ."

"ಒಲೆಯ ಮೇಲೆ ಮಡಕೆ, ಒಳಗೆ ಕರಕಲು ರಾಗಿ. ಬೇಯಿಸಿದವರು ಯಾಕೆ ಉಣ್ಣಲಿಲ್ಲ?" ಎಂದು ದೊರೆ ಎರಡನೆಯ ಒಗಟು ಮುಂದಿಟ್ಟ.

"ಉಣ್ಣೋಕೆ ಬಿಡಲಿಲ್ಲ, ಬುದ್ಧಿ. ಒಲೆ ಪಕ್ಕ ಬಾಣದ ಮೊನೆ ಬಿದ್ದಿವೆ. ಅವುಗಳ ಮೇಲೆ ಹುಲಿ ಗುರುತು."

ಹುಲಿ ದೊರೆಯ ಮನೆತನದ ಲಾಂಛನ.

ದೊರೆಯ ದನಿ ಸಣ್ಣಗಾಯಿತು. "ಎಲುಬು ಒಂದೂ ಇಲ್ಲ. ಆ ಜನ ಎಲ್ಲಿ ಹೋದರು?"

ಮಾಚ ತಾನು ತಂದ ಮಡಕೆಯನ್ನು ಆ ಹಳೆಯದರ ಪಕ್ಕ ಇಟ್ಟ. ಎರಡರ ಕಂಠದಲ್ಲೂ ಹೆಬ್ಬೆರಳು ಒತ್ತಿದ ಮೂರು ಗುಳಿ. ಅವನ ಮನೆಯವರ ಹೊರತು ಯಾರೂ ಹಾಗೆ ಒತ್ತುವುದಿಲ್ಲ.

"ಎಲ್ಲೂ ಹೋಗಲಿಲ್ಲ. ಕೋಟೆ ಹೊರಗೆ ಗುಡಿಸಲು ಹಾಕ್ಕೊಂಡು, ಸುಟ್ಟವರ ಗದ್ದುಗೆಗೇ ಅಡ್ಡ ಬೀಳ್ತಾ ಇದ್ವಿ," ಎಂದ. ನಾಚಿಕೆಯಿಂದ ಅವನಿಗೆ ಮುಖ ಎತ್ತಲಾಗಲಿಲ್ಲ.

ದೊರೆಗೂ ಆಗಲಿಲ್ಲ. "ಸುಳ್ಳಿಗೆ ತಲೆ ತೆಗೆಯುವುದಾದರೆ ನಮ್ಮ ಮನೆಯಿಂದಲೇ ಶುರುಮಾಡಬೇಕು," ಎಂದು ಸೆರೆಯವರನ್ನು ಬಿಡಿಸಿದ. "ನಿನಗೇನು ಬೇಕಪ್ಪ?"

"ಈ ನೆಲ, ಬುದ್ಧಿ."

ದೊರೆ ಕಲ್ಲುಕುಟಿಗನನ್ನು ಕರೆಸಿದ. "ದಾನ ಕೊಟ್ಟೆವೆಂದು ಕೆತ್ತಬೇಡ. ಹಿಂದಿರುಗಿಸಿದೆವೆಂದು ಕೆತ್ತು."

"ಆಗಲಿ ಒಡೆಯ. ಸುಟ್ಟುಹೋದ ಊರಿನ ಹೆಸರು?"

ಎಲ್ಲರೂ ಮಾಚನ ಕಡೆ ತಿರುಗಿದರು. ಅವನಿಗೆ ಗೊತ್ತಿರಲಿಲ್ಲ. ಅವನಪ್ಪನಿಗೂ ಗೊತ್ತಿರಲಿಲ್ಲ. ಮೂರು ಒಗಟು ಬಿಡಿಸಿದವನು ತನ್ನೂರಿನ ಹೆಸರು ಹೇಳಲಾರದೆ ತುಂಬಿದ ಸಭೆಯಲ್ಲಿ ಅತ್ತುಬಿಟ್ಟ. ಕುಟಿಗ ಒಂದು ಗೇಣು ಜಾಗ ಖಾಲಿ ಬಿಟ್ಟು ಮುಂದಿನ ಸಾಲು ಕೆತ್ತಿದ.