ಕಂಬಳಿ ಬೀರಣ್ಣ ಪೀಠ ಏರಿದ್ದು

ಕೆಂಚನಗಿರಿಯ ರಾಣಿ ನೀಲಾಜಮ್ಮ ಊರೂರಲ್ಲಿ ಡಂಗುರ ಹೊಡೆಸಿದಳು. ತನಗೆ ಮಕ್ಕಳಿಲ್ಲ, ಇನ್ನು ಪ್ರಜೆಗಳು ಆರಿಸಿದ ಸಭೆಯೇ ಹೊಸ ಕಟ್ಟಳೆಯಂತೆ ನಾಡನ್ನು ನಡೆಸುತ್ತದೆ. ಸಭೆಯ ಮೇಲೆ ಅಧ್ಯಕ್ಷನೊಬ್ಬ ಬೇಕು. ತನ್ನ ಮೂರು ಒಗಟು ಬಿಡಿಸಿದವನಿಗೆ ಆ ಪೀಠ, ತಪ್ಪಿದವನಿಗೆ ಮರಣದಂಡನೆ.

ಮೊದಮೊದಲು ಹೋದವರಲ್ಲಿ ಕಂಬಳಿ ನೇಯುವ ಮಾಳಪ್ಪನೂ ಒಬ್ಬ. ಒಗಟು ತಪ್ಪಿತು, ತಲೆ ಹೋಯಿತು. ತಮ್ಮ ಬೀರಣ್ಣ ಹೆಣ ತಂದು ಮಣ್ಣು ಮಾಡಿದ. ಅವನಿಗೆ ಅಳು ಬರಲಿಲ್ಲ. ಅತ್ತಿಗೆ ಉಣ್ಣು ಎಂದರೆ ಉಂಡ, ಮಲಗು ಎಂದರೆ ಮಲಗಿದ. ಯಾರಾದರೂ ಗೆಲ್ಲುವ ತನಕ ಈ ಸಾವು ನಿಲ್ಲುವುದಿಲ್ಲ ಎಂದು ಜನ ಆಡಿಕೊಳ್ಳುವುದನ್ನು ಕೇಳಿ, ಒಂದು ಬೆಳಗ್ಗೆ ಮಗ್ಗದಿಂದ ಎದ್ದು ಹೊರಟ. ಅತ್ತಿಗೆ ಅಡ್ಡ ನಿಂತಳು.

"ನನಗೇನೂ ಅನ್ನಿಸ್ತಿಲ್ಲ, ಅತ್ತಿಗೆ. ಹೆದರಿಕೆನೂ ಇಲ್ಲ," ಅಂದ.

ಅರಮನೆಯಲ್ಲಿ ಅವನಿಗಿಂತ ಮುಂದೆ ಪಾಳೆಯಗಾರನ ಮಗ ಜಟಿಂಗರಾಯ ನಿಂತಿದ್ದ. ರಾಣಿ ಕೇಳಿದಳು: "ನಾಡಿನ ಆಜ್ಞೆಗಳೆಲ್ಲ ಒಬ್ಬನ ಹೆಸರಿನಲ್ಲಿ ಹೊರಡುತ್ತವೆ. ಒಂದೂ ಅವನ ಇಷ್ಟದ್ದಲ್ಲ. ಯಾರವನು?"

ಡಂಗುರದವನು ಎಂದ ಜಟಿಂಗರಾಯ. ಡಂಗುರದವನು ಸಾರುವುದು ಬೇರೆಯವರ ಹೆಸರಿನಲ್ಲಿ ಎಂದಳು ರಾಣಿ. ಭಟರು ಅವನನ್ನು ಸೆರೆಮನೆಗೆ ಎಳೆದೊಯ್ದರು. ಹಿಂದೆ ನಿಂತಿದ್ದವರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು.

"ಈ ಪೀಠದಲ್ಲಿ ಕೂರುವವನೇ, ತಾಯಿ," ಅಂದ ಬೀರಣ್ಣ.

"ಬಾಗಿಲಿಗೆ ಬಂದದ್ದನ್ನು ಒಂದು ಸಲ ಹಿಂದಕ್ಕೆ ಕಳಿಸಬಹುದು. ಮತ್ತೆ ಬಂದರೆ ಒಳಗೆ ಕರೆಯಲೇಬೇಕು. ಏನದು?"

"ಸಭೆಯ ತೀರ್ಮಾನ."

"ಆ ಪೀಠದವನ ಬಾಯಿಂದಲೇ ಹೊರಟು ಅವನನ್ನೇ ಕಟ್ಟಿಹಾಕುವುದು ಯಾವುದು?"

"ಪೀಠ ಏರುವಾಗ ಮಾಡುವ ಪ್ರಮಾಣ."

ಬಿಡಿಸಿ ಹೇಳು ಎಂದಳು ರಾಣಿ. ಊರ ಚಾವಡಿಯಲ್ಲಿ ಹೊಸ ಕಟ್ಟಳೆ ಓದಿದಾಗ ಕೇಳಿದ್ದನ್ನೇ ಅವನು ಹೇಳಿದ. ಅಧ್ಯಕ್ಷನ ಹೆಸರಿನಲ್ಲಿ ಎಲ್ಲ ನಡೆದರೂ ತೀರ್ಮಾನ ಸಭೆಯದು. ಸರಿಯಿಲ್ಲ ಅನ್ನಿಸಿದರೆ ಮತ್ತೊಮ್ಮೆ ಯೋಚಿಸಿ ಎಂದು ಅವನು ತಿರುಗಿ ಕಳಿಸಬಹುದು. ಅದೇ ಮರಳಿ ಬಂದರೆ ಮುದ್ರೆ ಒತ್ತಲೇಬೇಕು. ಕಟ್ಟಳೆ ಕಾಯುತ್ತೇನೆಂದು ಪ್ರಮಾಣ ಮಾಡಿ ಮುರಿದವನನ್ನು ಪೀಠದಿಂದ ಇಳಿಸುವ ಅಧಿಕಾರವೂ ಸಭೆಗಿದೆ. ಮೊದಲು ಬಂದವರಲ್ಲಿ ಹೆಚ್ಚಿನವರು ಒಗಟಿನ ಉತ್ತರದಲ್ಲಿ ಬಲಶಾಲಿಯೊಬ್ಬನನ್ನು ಹುಡುಕಿ ಸೋತಿದ್ದರು. ಮಾಳಪ್ಪನೂ ಅಷ್ಟೇ.

ರಾಣಿ ಎದ್ದು ಮುದ್ರೆಯನ್ನು ಅವನ ಕೈಗಿತ್ತಳು. ಒಗಟಿನ ಪರೀಕ್ಷೆ ಅಲ್ಲಿಗೆ ಮುಗಿಯಿತು. ಜನ ಜೈಕಾರ ಹಾಕಿದರು. ಬೀರಣ್ಣ ಪ್ರಮಾಣ ಮಾಡಿ ಕೂತ. ಸಂತೋಷವೇನೂ ಆಗಲಿಲ್ಲ.

ಸಭೆಯಿಂದ ಬಂದ ಮೊದಲ ಓಲೆ ಜಟಿಂಗರಾಯನ ಮರಣದಂಡನೆಯದು. ಬೀರಣ್ಣ ಅದನ್ನು ಓದಿಸಿ ಕೇಳಿ, ಮತ್ತೊಮ್ಮೆ ಯೋಚಿಸಿ ಎಂದು ಹಿಂದಕ್ಕೆ ಕಳಿಸಿದ. ಸಭೆಯಲ್ಲಿ ವಾದ ಬಿಸಿಯೇರಿತು. ಡಂಗುರ ಹೊಡೆಸಿದ ಮಾತು ತಪ್ಪಬಾರದೆಂದರು ಕೆಲವರು. ಇನ್ನೆಷ್ಟು ಮನೆ ಹಾಳಾಗಬೇಕು ಎಂದರು ಉಳಿದವರು. ಕೊನೆಗೆ ದಂಡನೆ ರದ್ದಾಯಿತು.

ಜಟಿಂಗರಾಯ ಬಂದು ಕಾಲಿಗೆ ಬಿದ್ದ.

"ಏಳಿ, ಧಣಿ. ಬಿಟ್ಟದ್ದು ಸಭೆ, ನಾನಲ್ಲ," ಅಂದ ಬೀರಣ್ಣ. "ಆ ಓಲೆ ಮತ್ತೆ ಬಂದಿದ್ದರೆ ಮುದ್ರೆ ಒತ್ತುತ್ತಿದ್ದೆ."

ಹಾಗೆಂದವನು, ಅಣ್ಣ ಸತ್ತ ಮೇಲೆ ಮೊದಲ ಸಲ, ಅತ್ತ.